ಪ್ರೋಗ್ರಾಮರುಗಳ ಹಾಸ್ಯವೂ ಶಿಷ್ಟಾಚಾರವೂ

೧. ವಿಷಯಪ್ರವೇಶ

ಪ್ರತಿಯೊಂದು ವೃತ್ತಿಗೂ ತನ್ನದೇ ಆದ ಹಾಸ್ಯವೂ ತನ್ನದೇ ಆದ ಮರ್ಯಾದೆಯೂ ಇರುವುದು ಲೋಕಪ್ರಸಿದ್ಧವಾದ ವಿಷಯ. ಸೂತ್ರದಲ್ಲಿ ಅರ್ಧಮಾತ್ರೆಯನ್ನು ಉಳಿಸಿದ ವೈಯಾಕರಣನಿಗೆ ಮಗ ಹುಟ್ಟಿದಷ್ಟು ಸಂತೋಷವಾಗುವುದೆಂದು ಪಾಠಶಾಲೆಗಳಲ್ಲಿ ನಗುತ್ತ ಹೇಳುವುದುಂಟು. ಆ ನಗುವಿನಲ್ಲಿ ಶಾಸ್ತ್ರದ ತಿರಸ್ಕಾರವಿಲ್ಲ. ಶಾಸ್ತ್ರದ ಲಾಘವದೃಷ್ಟಿಯಲ್ಲಿರುವ ಪ್ರೀತಿಯೇ ಅಲ್ಲಿ ನಗುವಿನ ರೂಪವನ್ನು ತಾಳಿದೆ. ಎಲೆಕ್ಟ್ರಾನಿಕ್ ಗಣಕಯಂತ್ರಕ್ಕೆ ಕೆಲಸದ ಕ್ರಮವನ್ನು ಬರೆದುಕೊಡುವ ಪ್ರೋಗ್ರಾಮರುಗಳ ವೃತ್ತಿಯು ಹುಟ್ಟಿ ಇನ್ನೂ ನೂರು ವರ್ಷಗಳು ತುಂಬಿಲ್ಲ. ಆದರೂ ಅಷ್ಟರಲ್ಲಿಯೇ ಅವರಲ್ಲಿ ವಿಪುಲವಾದ ಒಂದು ಹಾಸ್ಯಸಂಪ್ರದಾಯವು ಬೆಳೆದಿದೆ. ಅದರೊಡನೆ ಹೆಣೆದುಕೊಂಡು ಒಂದು ಶಿಷ್ಟಾಚಾರಸಂಪ್ರದಾಯವೂ ಬೆಳೆದಿದೆ.

ಇವೆರಡೂ ಒಟ್ಟಿಗೆ ಬೆಳೆದುದಕ್ಕೆ ಕಾರಣವಿಲ್ಲದಿಲ್ಲ. ಈ ವೃತ್ತಿಯವರು ೧೯೭೦ರ ದಶಕದಿಂದಲೂ ಒಬ್ಬರ ಮುಖವನ್ನೊಬ್ಬರು ಕಾಣದೆ, ಒಬ್ಬರ ಧ್ವನಿಯನ್ನೊಬ್ಬರು ಕೇಳದೆ, ಕೇವಲ ತಂತಿಯ ಮೂಲಕ ಹೋಗುವ ಬರಹದಿಂದ ಕೂಡಿ ಕೆಲಸಮಾಡುತ್ತ ಬಂದಿರುವರು. ಹಾಗೆ ಕೆಲಸಮಾಡುವವರಲ್ಲಿ ವಿನೋದವು ಸ್ನೇಹವನ್ನು ಬೆಳೆಸುವ ಸಾಧನವಾಯಿತು. ಅದೇ ವಿನೋದವು ಅಪಾರ್ಥಕ್ಕೂ ಅವಮಾನಕ್ಕೂ ಎಡೆಗೊಟ್ಟುದರಿಂದ, ನಗುವುದು ಹೇಗೆ, ನಗಬಾರದುದು ಎಲ್ಲಿ ಎಂಬುದನ್ನು ನಿಯಮಗಳ ರೂಪದಲ್ಲಿ ಬರೆದಿಡಬೇಕಾಯಿತು. ಪರಿಹಾಸಕ್ಕೆ ಬರೆದ ನಿಯಮಗಳೂ, ಪರಿಹಾಸದ ಮೇಲೆ ಬರೆದ ನಿಯಮಗಳೂ ಒಂದೇ ಗ್ರಂಥಮಾಲೆಯಲ್ಲಿ ದೊರೆಯುವುದು ಈ ವೃತ್ತಿಯ ವೈಶಿಷ್ಟ್ಯವಾಗಿದೆ. ಈ ಹಾಸ್ಯದ ಸ್ವರೂಪವೇನು, ಅದಕ್ಕೂ ಶಿಷ್ಟಾಚಾರಕ್ಕೂ ಇರುವ ಸಂಬಂಧವೇನು, ಕನ್ನಡಿಗರಿಗೆ ಇದರಲ್ಲಿ ವಿಚಾರಣೀಯವಾದುದೇನು ಎಂಬ ಮೂರು ವಿಷಯಗಳು ಇಲ್ಲಿ ನಿರೂಪಿತವಾಗುವುವು.

೨. ಹಾಸ್ಯದ ಮೂಲ: ಯಂತ್ರದ ವಾಚ್ಯಾರ್ಥನಿಷ್ಠೆ

ಹಾಸ್ಯವು ವಿಕೃತಿಯಿಂದ ಹುಟ್ಟುವುದೆಂದು ಆಲಂಕಾರಿಕರ ಮತ. ವೇಷ, ವಾಕ್ಕು, ಚೇಷ್ಟೆ ಇವು ಇರಬೇಕಾದಂತೆ ಇರದಿದ್ದಲ್ಲಿ ನಗು ಬರುವುದು. ಪ್ರೋಗ್ರಾಮರುಗಳ ಹಾಸ್ಯದಲ್ಲಿ ಈ ವಿಕೃತಿಯು ಬಹುಮಟ್ಟಿಗೆ ವಾಕ್ಕಿಗೆ ಸಂಬಂಧಪಟ್ಟುದು. ಪ್ರೋಗ್ರಾಮನ್ನು ಓದಿ ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರು ಬರೆದುದನ್ನು ಬರೆದಂತೆಯೇ ಗ್ರಹಿಸುವುದು. ಬರೆದವನ ಅಭಿಪ್ರಾಯವೇನಿದ್ದಿತೆಂದು ಅದು ವಿಚಾರಿಸದು. ಶಬ್ದದ ಮೂರು ವೃತ್ತಿಗಳಲ್ಲಿ ಅಭಿಧೆಯೊಂದನ್ನುಳಿದು ಲಕ್ಷಣೆಯಾಗಲಿ ವ್ಯಂಜನೆಯಾಗಲಿ ಅದಕ್ಕೆ ಗೋಚರವಲ್ಲ. ಮನುಷ್ಯರಾಡುವ ಭಾಷೆಯನ್ನೇ ಓದಿ ಉತ್ತರಕೊಡುವ ಯಂತ್ರಗಳು ಈಚಿನ ವರ್ಷಗಳಲ್ಲಿ ಬಂದಿವೆಯಾದರೂ, ಅವುಗಳ ಕೆಳಗೆ ನಡೆಯುವ ಪ್ರೋಗ್ರಾಮುಗಳ ಈ ಸ್ವಭಾವವು ಬದಲಾಗಿಲ್ಲ.

ಈ ವೃತ್ತಿಯವರಲ್ಲಿ ಬಾಯಿಂದ ಬಾಯಿಗೆ ಬಂದಿರುವ ಒಂದು ಕಥೆಯನ್ನು ನೋಡಬಹುದು. ಹೆಂಡತಿಯು ಪ್ರೋಗ್ರಾಮರನಾದ ಗಂಡನಿಗೆ, ‘ಅಂಗಡಿಯಿಂದ ಒಂದು ಬ್ರೆಡ್ ತನ್ನಿ, ಮೊಟ್ಟೆ ಇದ್ದರೆ ಹನ್ನೆರಡು ತನ್ನಿ’ ಎಂದು ಹೇಳಿದಳು. ಅವನು ಹನ್ನೆರಡು ಬ್ರೆಡ್ಡುಗಳನ್ನು ಹೊತ್ತುಕೊಂಡು ಬಂದನು. ಏಕೆಂದು ಕೇಳಲು, ‘ಅಂಗಡಿಯಲ್ಲಿ ಮೊಟ್ಟೆ ಇದ್ದುವು’ ಎಂದನು. ಇಲ್ಲಿ ‘ಹನ್ನೆರಡು’ ಎಂಬ ಪದಕ್ಕೆ ವಿಶೇಷ್ಯದ ಆಕಾಂಕ್ಷೆಯಿದೆ. ಹೆಂಡತಿಯು ‘ಮೊಟ್ಟೆ’ ಎಂಬುದನ್ನು ಸಮೀಪದಿಂದ ತೆಗೆದುಕೊಂಡಳು. ಗಂಡನು ‘ಬ್ರೆಡ್’ ಎಂಬುದನ್ನು ಮೊದಲ ವಾಕ್ಯದಿಂದ ಅನುವೃತ್ತಿಯಾಗಿ ತಂದುಕೊಂಡನು. ವ್ಯಾಕರಣದಿಂದ ಎರಡು ಅನ್ವಯಗಳೂ ನಿರ್ದುಷ್ಟವಾಗಿವೆ. ತಾತ್ಪರ್ಯವೊಂದೇ ನಿರ್ಣಾಯಕ, ಆ ತಾತ್ಪರ್ಯವನ್ನು ಗಂಡನು ಯಂತ್ರದಂತೆ ಬಿಟ್ಟುಬಿಟ್ಟನು.

ನ್ಯಾಯಶಾಸ್ತ್ರವನ್ನು ಓದಿದವರಿಗೆ ಇದು ಹೊಸದಲ್ಲ. ವಾದಿಯು ಉದ್ದೇಶಿಸಿದ ಅರ್ಥವನ್ನು ಬಿಟ್ಟು ಬೇರೊಂದು ಅರ್ಥವನ್ನು ಕಲ್ಪಿಸಿ ಅವನ ಮಾತನ್ನು ಖಂಡಿಸುವುದನ್ನು ಗೌತಮನು ಛಲವೆಂದು ಕರೆದು, ವಾಕ್ಛಲ, ಸಾಮಾನ್ಯಚ್ಛಲ, ಉಪಚಾರಚ್ಛಲ ಎಂದು ಮೂರು ವಿಧವಾಗಿ ವಿಭಾಗಿಸಿರುವನು. ಹೊಸ ಕಂಬಳಿ ಹೊದೆದವನನ್ನು ‘ನವಕಂಬಲ’ನೆಂದು ಒಬ್ಬನು ಹೇಳಲು, ‘ಇವನಲ್ಲಿ ಒಂಬತ್ತು ಕಂಬಳಿಗಳೆಲ್ಲಿವೆ?’ ಎಂದು ಪ್ರತಿವಾದಿಯು ಕೇಳುವುದು ವಾಕ್ಛಲಕ್ಕೆ ಪ್ರಸಿದ್ಧವಾದ ಉದಾಹರಣೆ. ಹನ್ನೆರಡು ಬ್ರೆಡ್ಡುಗಳ ಕಥೆಯೂ ಒಂಬತ್ತು ಕಂಬಳಿಗಳ ಕಥೆಯೂ ಒಂದೇ ಜಾತಿಯವು. ಆದರೆ ಒಂದು ಭೇದವನ್ನು ಮರೆಯಬಾರದು. ಯಂತ್ರವು ಛಲವನ್ನು ಮಾಡುವಾಗ ಅದಕ್ಕೆ ಗೆಲ್ಲಬೇಕೆಂಬ ಇಚ್ಛೆಯಿಲ್ಲ. ಆದಕಾರಣ ಅದು ನಗುವಿಗೆ ಮಾತ್ರ ವಿಷಯವಾಗುವುದು. ಮನುಷ್ಯನು ಮನುಷ್ಯನಿಗೆ ಛಲವನ್ನು ಮಾಡಿದರೆ ಅಲ್ಲಿ ವಿಜಿಗೀಷೆಯಿರುವುದು; ಆಗ ಅದು ದೋಷವಾಗುವುದು. ಈ ಭೇದವೇ ಮುಂದಿನ ವಿಚಾರಕ್ಕೆಲ್ಲ ಆಧಾರವಾಗಿದೆ.

ವಾಚ್ಯಾರ್ಥವನ್ನೇ ಹಿಡಿದು ನಗುವ ಈ ಪ್ರವೃತ್ತಿಯು ಬಹಳ ಹಳೆಯದು. ಯಂತ್ರದಲ್ಲಿ ಕಾಣದ ದೋಷಕ್ಕೆ ‘ಬಗ್’, ಎಂದರೆ ಹುಳು, ಎಂದು ಹೇಳುವ ರೂಢಿಯು ಎಡಿಸನ್ನನ ಕಾಲದಲ್ಲಿಯೇ, ೧೮೭೮ರಷ್ಟು ಹಿಂದೆಯೇ, ಇದ್ದಿತು. ೧೯೪೭ನೆಯ ಸೆಪ್ಟೆಂಬರ್ ೯ರಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ ೨ ಎಂಬ ಯಂತ್ರದ ರಿಲೇಯೊಂದರಲ್ಲಿ ನಿಜವಾಗಿಯೂ ಒಂದು ಪತಂಗವು ಸಿಕ್ಕಿಬಿದ್ದಿತು. ಯಂತ್ರವನ್ನು ನೋಡಿಕೊಳ್ಳುತ್ತಿದ್ದವರು ಅದನ್ನು ದಿನಚರಿಯ ಪುಸ್ತಕಕ್ಕೆ ಅಂಟಿಸಿ, ಹುಳುವು ನಿಜವಾಗಿ ಕಂಡುಬಂದ ಮೊದಲ ಪ್ರಸಂಗವಿದೆಂದು ಬರೆದರು. ‘ಬಗ್’ ಎಂಬ ಮಾತು ಇದರಿಂದಲೇ ಹುಟ್ಟಿತೆಂದು ಹಲವರು ನಂಬಿರುವರು, ಅದು ಸರಿಯಲ್ಲ. ರೂಢಿಯಾದ ಲಾಕ್ಷಣಿಕಾರ್ಥವು ಮೊದಲೇ ಇದ್ದುದರಿಂದಲೇ ವಾಚ್ಯಾರ್ಥಕ್ಕೆ ಹಿಂದಿರುಗಿದುದು ಚಮತ್ಕಾರವಾಯಿತು. ಆ ಪುಟವು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹದಲ್ಲಿ ಸುರಕ್ಷಿತವಾಗಿದೆ.

೩. ಶಬ್ದಚಮತ್ಕಾರಗಳು

ಇವರ ಹಾಸ್ಯದಲ್ಲಿ ಅಲಂಕಾರಗಳ ಒಂದು ಸಣ್ಣ ಪ್ರದರ್ಶನವನ್ನೇ ಕಾಣಬಹುದು. ಮೊದಲನೆಯದು ಶ್ಲೇಷ. ‘ಪ್ರೋಗ್ರಾಮರುಗಳಿಗೆ ಹ್ಯಾಲೋವೀನ್ ಹಬ್ಬವೂ ಕ್ರಿಸ್‌ಮಸ್ ಹಬ್ಬವೂ ಒಂದೇ ಆಗಿ ಕಾಣುವುದೇಕೆ?’ ಎಂಬುದು ಒಂದು ಒಗಟು. ‘ಆಕ್ಟ್ ೩೧ ಎಂದರೆ ಡೆಕ್ ೨೫ ಆದುದರಿಂದ’ ಎಂದು ಉತ್ತರ. ಇಂಗ್ಲಿಷಿನಲ್ಲಿ ‘ಆಕ್ಟ್’ ಎಂಬುದು ಅಕ್ಟೋಬರ್ ತಿಂಗಳಿಗೂ ಎಂಟರ ಆಧಾರದ ಸಂಖ್ಯಾಕ್ರಮಕ್ಕೂ, ‘ಡೆಕ್’ ಎಂಬುದು ಡಿಸೆಂಬರಿಗೂ ಹತ್ತರ ಆಧಾರದ ಸಂಖ್ಯಾಕ್ರಮಕ್ಕೂ ಸಂಕ್ಷೇಪವಾಗಿದೆ. ಎಂಟರ ಕ್ರಮದಲ್ಲಿ ೩೧ ಎಂದು ಬರೆದುದು ಮೂರು ಎಂಟುಗಳು ಮತ್ತು ಒಂದು, ಎಂದರೆ ಇಪ್ಪತ್ತೈದು. ಎರಡು ಪದಗಳಲ್ಲಿಯೂ ಶ್ಲೇಷವು ಭಂಗವಿಲ್ಲದೆ ನಿಂತು, ಗಣಿತವೂ ಸತ್ಯವಾಗಿರುವುದು ಇಲ್ಲಿಯ ಸೊಗಸು.

ಎರಡನೆಯದು ತರ್ಕದೋಷವನ್ನೇ ಗುಣವಾಗಿ ಮಾಡಿಕೊಳ್ಳುವುದು. ೧೯೮೩ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ಎಲ್ಲರೂ ಸ್ವತಂತ್ರವಾಗಿ ಬಳಸಬಹುದಾದ ಸಾಫ್ಟ್‌ವೇರಿನ ಯೋಜನೆಯನ್ನು ಪ್ರಕಟಿಸಿ, ಅದಕ್ಕೆ ‘ಗ್ನೂ’ ಎಂದು ಹೆಸರಿಟ್ಟರು. ಆ ಸಂಕ್ಷೇಪದ ವಿಸ್ತಾರವು ‘ಗ್ನೂ ಯುನಿಕ್ಸ್ ಅಲ್ಲ’ ಎಂಬುದು. ಗ್ನೂ ಎಂದರೇನೆಂದು ಬಿಡಿಸಲು ಹೋದರೆ ಮತ್ತೆ ಗ್ನೂ ಎಂಬುದೇ ಬರುವುದು. ಇದು ಆತ್ಮಾಶ್ರಯ, ಬಿಡಿಸುತ್ತಲೇ ಹೋದರೆ ಅನವಸ್ಥೆ. ಅದೇ ಯೋಜನೆಯ ‘ಹರ್ಡ್’ ಎಂಬ ಭಾಗದ ವಿಸ್ತಾರದಲ್ಲಿ ‘ಹಿರ್ಡ್’ ಎಂಬ ಪದವೂ, ‘ಹಿರ್ಡ್’ ಎಂಬುದರ ವಿಸ್ತಾರದಲ್ಲಿ ‘ಹರ್ಡ್’ ಎಂಬ ಪದವೂ ಬರುವುವು. ಇದು ಅನ್ಯೋನ್ಯಾಶ್ರಯಕ್ಕೆ ಲಕ್ಷ್ಯವಾಗಿದೆ. ನೈಯಾಯಿಕನು ದೋಷವೆಂದು ತ್ಯಜಿಸುವುದನ್ನು ಇವರು ಬುದ್ಧಿಪೂರ್ವಕವಾಗಿ ಹೆಸರಾಗಿ ಇಟ್ಟುಕೊಂಡಿರುವರು. ತನ್ನನ್ನು ತಾನೇ ಕರೆಯುವ ಆದೇಶಗಳನ್ನು ಬರೆಯುವುದು ಇವರಿಗೆ ನಿತ್ಯದ ಕೆಲಸವಾದುದರಿಂದ ಈ ದೋಷವು ಅವರಿಗೆ ಪರಿಚಿತವೂ ಪ್ರಿಯವೂ ಆಗಿದೆ.

ಮೂರನೆಯದು ವ್ಯಾಜಸ್ತುತಿ. ಪರ್ಲ್ ಎಂಬ ಭಾಷೆಯನ್ನು ರಚಿಸಿದ ಲ್ಯಾರಿ ವಾಲ್ ಎಂಬವರು ಪ್ರೋಗ್ರಾಮರನಿಗೆ ಆಲಸ್ಯ, ಅಸಹನೆ, ಅಹಂಕಾರ ಎಂಬ ಮೂರು ಮಹಾಗುಣಗಳಿರಬೇಕೆಂದು ಹೇಳಿರುವರು. ಸೋಮಾರಿಯು ಒಂದೇ ಕೆಲಸವನ್ನು ಎರಡು ಸಲ ಮಾಡಲೊಲ್ಲದೆ ಯಂತ್ರದಿಂದಲೇ ಮಾಡಿಸುವನು. ಅಸಹನೆಯುಳ್ಳವನು ಯಂತ್ರವು ತಡಮಾಡುವುದನ್ನು ಸಹಿಸನು. ಅಹಂಕಾರಿಯು ಇತರರು ಹಳಿಯದಂತೆ ತನ್ನ ಬರಹವನ್ನು ಅಚ್ಚುಕಟ್ಟಾಗಿ ಇಡುವನು. ನಿಂದೆಯ ರೂಪದಲ್ಲಿ ಸ್ತುತಿಯು ಇಲ್ಲಿ ಪರ್ಯವಸಾನವಾಗುವುದು.

ಇನ್ನು ಚಿತ್ರಕಾವ್ಯಕ್ಕೆ ಹೋಲಿಸಬಹುದಾದುದೂ ಉಂಟು. ಸಿ ಭಾಷೆಯಲ್ಲಿ ಯಾರೂ ಓದಲಾರದಷ್ಟು ಜಟಿಲವಾದ, ಆದರೂ ನಿರ್ದುಷ್ಟವಾಗಿ ನಡೆಯುವ ಪ್ರೋಗ್ರಾಮನ್ನು ಬರೆಯುವ ಅಂತರರಾಷ್ಟ್ರೀಯ ಸ್ಪರ್ಧೆಯೊಂದು ೧೯೮೪ರಲ್ಲಿ ಆರಂಭವಾಯಿತು. ಕೆಲವರು ಅಕ್ಷರಗಳನ್ನೇ ಚಿತ್ರದ ಆಕಾರದಲ್ಲಿ ಜೋಡಿಸುವರು. ಪದ್ಮಬಂಧ, ಮುರಜಬಂಧಗಳನ್ನು ಕಂಡವರಿಗೆ ಈ ಶ್ರಮದ ಬೆಲೆಯೂ ಮಿತಿಯೂ ತಿಳಿದೇ ಇವೆ.

೪. ಶಾಸ್ತ್ರರೂಪದ ಪರಿಹಾಸ

ಅಂತರಜಾಲದ ವ್ಯವಹಾರನಿಯಮಗಳನ್ನು ತಿಳಿಸುವ ಪತ್ರಗಳ ಮಾಲೆಗೆ ಆರ್.ಎಫ್.ಸಿ. ಎಂದು ಹೆಸರು. ಇದು ‘ರಿಕ್ವೆಸ್ಟ್ ಫಾರ್ ಕಾಮೆಂಟ್ಸ್’, ಎಂದರೆ ‘ಅಭಿಪ್ರಾಯಗಳಿಗಾಗಿ ಬಿನ್ನಹ’ ಎಂಬುದರ ಸಂಕ್ಷೇಪ. ಇದರ ಮೊದಲನೆಯ ಪತ್ರವನ್ನು ೧೯೬೯ನೆಯ ಏಪ್ರಿಲ್ ೭ರಂದು ಸ್ಟೀವ್ ಕ್ರಾಕರ್ ಎಂಬವರು ಬರೆದರು. ಅವರೂ ಅವರ ಸಂಗಡಿಗರೂ ಆಗ ವಿದ್ಯಾರ್ಥಿಗಳು. ನಿಯಮಗಳನ್ನು ವಿಧಿಸಲು ಅಧಿಕಾರವುಳ್ಳ ಹಿರಿಯರು ಬೇರೆಲ್ಲಿಯೋ ಇರಬಹುದು, ಅವರ ಮನಸ್ಸು ನೋಯಬಾರದು ಎಂಬ ಸಂಕೋಚದಿಂದ ವಿಧಿವಾಚಕವಾದ ಹೆಸರನ್ನು ಬಿಟ್ಟು ಬಿನ್ನಹವೆಂಬ ಹೆಸರನ್ನಿಟ್ಟರು. ಇಂದು ಲೋಕದ ಯಂತ್ರಗಳೆಲ್ಲ ಅನುಸರಿಸುವ ವಿಧಿಗಳು ಆ ವಿನಯದ ಹೆಸರಿನಿಂದಲೇ ಪ್ರಕಟವಾಗುತ್ತಿವೆ.

ಇದೇ ಮಾಲೆಯಲ್ಲಿ ಏಪ್ರಿಲ್ ೧ರ ತಾರೀಖಿನಿಂದ ಪರಿಹಾಸದ ಪತ್ರಗಳೂ ಬರುವುವು. ೧೯೭೮ರಲ್ಲಿ ಮಾರ್ಕ್ ಕ್ರಿಸ್ಪಿನ್ ಎಂಬವರು, ಯಂತ್ರವು ಮನಸ್ಸು ಬಂದಾಗ ಕೆಟ್ಟುಹೋಗುವುದನ್ನು ಒಂದು ಸೌಕರ್ಯವಾಗಿ ಒದಗಿಸಬೇಕೆಂದು ೭೪೮ನೆಯ ಪತ್ರದಲ್ಲಿ ಬರೆದರು. ೧೯೯೦ರಲ್ಲಿ ಡೇವಿಡ್ ವೈಟ್ಸ್‌ಮನ್ ಎಂಬವರು ೧೧೪೯ನೆಯ ಪತ್ರದಲ್ಲಿ ಅಂತರಜಾಲದ ಸಂದೇಶಗಳನ್ನು ಪಾರಿವಾಳಗಳ ಕಾಲಿಗೆ ಕಟ್ಟಿ ಕಳುಹಿಸುವ ಕ್ರಮವನ್ನು ವಿವರಿಸಿದರು. ಇವುಗಳಲ್ಲಿ ಹಾಸ್ಯಸೂಚಕವಾದ ಒಂದು ಪದವೂ ಇಲ್ಲ. ಶಾಸ್ತ್ರಗ್ರಂಥದ ಗಾಂಭೀರ್ಯವು ಮೊದಲಿನಿಂದ ಕೊನೆಯವರೆಗೆ ಕೆಡುವುದಿಲ್ಲ. ವಸ್ತುವಿನ ಅಲ್ಪತ್ವಕ್ಕೂ ಶೈಲಿಯ ಗೌರವಕ್ಕೂ ಇರುವ ಅನೌಚಿತ್ಯವೇ ಇಲ್ಲಿ ಹಾಸ್ಯಕ್ಕೆ ವಿಭಾವವಾಗಿದೆ.

ಪಾರಿವಾಳದ ಪತ್ರಕ್ಕೆ ಇನ್ನೊಂದು ಕಥೆಯಿದೆ. ೨೦೦೧ನೆಯ ಏಪ್ರಿಲ್ ೨೮ರಂದು ನಾರ್ವೆ ದೇಶದ ಬರ್ಗೆನ್ ನಗರದ ಲಿನಕ್ಸ್ ಬಳಕೆದಾರರ ಸಂಘದವರು ಅದನ್ನು ಅಕ್ಷರಶಃ ಪ್ರಯೋಗಮಾಡಿ ನೋಡಿದರು. ಒಂಬತ್ತು ಸಂದೇಶಗಳನ್ನು ಕಳುಹಿಸಲಾಗಿ ನಾಲ್ಕಕ್ಕೆ ಉತ್ತರ ಬಂದಿತು. ಒಂದೊಂದು ಉತ್ತರಕ್ಕೂ ಸುಮಾರು ಐವತ್ತು ನಿಮಿಷಗಳಿಂದ ಒಂದೂಮುಕ್ಕಾಲು ಗಂಟೆಯವರೆಗೆ ಕಾಲ ಹಿಡಿಯಿತು. ಪರಿಹಾಸವನ್ನು ಪರಿಹಾಸವೆಂದು ಬಲ್ಲವರೇ ಅದನ್ನು ವಿಧಿಯೆಂದು ಪಾಲಿಸಿದುದರಿಂದ ನಗುವು ಇಮ್ಮಡಿಯಾಯಿತು.

ಈ ಪತ್ರಗಳಲ್ಲಿ ಉತ್ತಮವಾದುವು ಕೇವಲ ವಿನೋದವಲ್ಲ. ಅವುಗಳಲ್ಲಿ ಒಂದು ವ್ಯಂಗ್ಯಾರ್ಥವಿರುವುದು. ೨೦೦೩ರಲ್ಲಿ ಸ್ಟೀವನ್ ಬೆಲ್ಲೊವಿನ್ ಎಂಬವರು, ಕೆಡುಕುಮಾಡುವ ಸಂದೇಶಗಳೆಲ್ಲ ತಮ್ಮ ತಲೆಯ ಭಾಗದಲ್ಲಿ ‘ದುಷ್ಟ’ವೆಂಬ ಗುರುತನ್ನು ತಾವೇ ಹಾಕಿಕೊಳ್ಳತಕ್ಕದ್ದೆಂದು ೩೫೧೪ನೆಯ ಪತ್ರದಲ್ಲಿ ವಿಧಿಸಿದರು. ಕಳ್ಳನು ತಾನು ಕಳ್ಳನೆಂದು ಹೇಳಿಕೊಂಡು ಬರುವನೆಂಬ ಭರವಸೆಯ ಮೇಲೆ ಕಾವಲನ್ನು ಏರ್ಪಡಿಸುವವರಿಗೆ ಇದು ಉಪದೇಶ. ೧೯೯೮ರಲ್ಲಿ ಲ್ಯಾರಿ ಮಸಿಂಟರ್ ಎಂಬವರು ಕಾಫಿ ಮಾಡುವ ಪಾತ್ರೆಯನ್ನು ಅಂತರಜಾಲದಿಂದ ನಡೆಸುವ ನಿಯಮಗಳನ್ನು ೨೩೨೪ನೆಯ ಪತ್ರದಲ್ಲಿ ಬರೆದರು. ಚಹದ ಪಾತ್ರೆಗೆ ಕಾಫಿ ಮಾಡೆಂದು ಆಜ್ಞಾಪಿಸಿದರೆ ಅದು ‘ನಾನು ಚಹದ ಪಾತ್ರೆ’ ಎಂಬರ್ಥದ ೪೧೮ನೆಯ ಸಂಖ್ಯೆಯನ್ನು ಉತ್ತರವಾಗಿ ಕೊಡುವುದು. ವೆಬ್ಬಿನ ನಿಯಮಗಳನ್ನು ಕಂಡಕಂಡಂತೆ ಹಿಗ್ಗಿಸುತ್ತಿದ್ದವರ ವಿಷಯದಲ್ಲಿ ಅದೊಂದು ಆಕ್ಷೇಪ. ಕಾಲಕ್ರಮದಲ್ಲಿ ಅನೇಕ ಪ್ರೋಗ್ರಾಮುಗಳು ಆ ಸಂಖ್ಯೆಯನ್ನು ನಿಜವಾಗಿಯೂ ಸೇರಿಸಿಕೊಂಡುವು. ೨೦೧೭ರಲ್ಲಿ ಅದನ್ನು ತೆಗೆದುಹಾಕಬೇಕೆಂಬ ಸಲಹೆ ಬಂದಾಗ ಪ್ರೋಗ್ರಾಮರುಗಳು ವಿರೋಧಿಸಿದರು. ೨೦೨೨ರ ೯೧೧೦ನೆಯ ಪತ್ರವು ಆ ಸಂಖ್ಯೆಯನ್ನು ಬೇರಾವ ಅರ್ಥಕ್ಕೂ ಕೊಡದೆ ಕಾಯ್ದಿರಿಸಿತು. ಹೀಗೆ ಒಂದು ನಗೆಮಾತಿಗೆ ಗಂಭೀರವಾದ ಶಾಸ್ತ್ರದಲ್ಲಿ ಇನಾಮು ಭೂಮಿ ದೊರೆತಂತಾಯಿತು.

೫. ಕಾಕುವಿಲ್ಲದ ಬರಹ

ಮೇಲೆ ಹೇಳಿದ ಪತ್ರಗಳಲ್ಲಿ ಏಪ್ರಿಲ್ ೧ ಎಂಬ ತಾರೀಖೇ ಹಾಸ್ಯದ ಗುರುತಾಗಿದೆ. ಹಾಗೆ ಗುರುತಿಲ್ಲದೆಡೆ ಹಾಸ್ಯವು ಅಪಾಯಕರವಾಗುವುದು. ಮಾತಿನಲ್ಲಿ ಕಾಕುವೆಂಬ ಧ್ವನಿವಿಕಾರವುಂಟು. ‘ನೀನು ಮಹಾ ಬುದ್ಧಿವಂತ’ ಎಂಬ ವಾಕ್ಯವು ಕಾಕುವಿನಿಂದ ಸ್ತುತಿಯೂ ಆಗಬಹುದು, ನಿಂದೆಯೂ ಆಗಬಹುದು. ರುದ್ರಟನು ಕಾಕುವಕ್ರೋಕ್ತಿಯನ್ನು ಶಬ್ದಾಲಂಕಾರವೆಂದು ಎಣಿಸಿದನು. ರಾಜಶೇಖರನು ಕಾಕುವು ಪಾಠದ ಧರ್ಮವಾದುದರಿಂದ ಅಲಂಕಾರವಾಗಲಾರದೆಂದು ಕಾವ್ಯಮೀಮಾಂಸೆಯಲ್ಲಿ ಹೇಳಿದನು. ರಾಜಶೇಖರನ ಮತದ ತಥ್ಯವು ಪ್ರೋಗ್ರಾಮರುಗಳ ಅನುಭವದಿಂದ ಸ್ಪಷ್ಟವಾಗುವುದು: ಓದಿ ಹೇಳುವವನಿಲ್ಲದೆ ಲಿಪಿ ಮಾತ್ರ ಉಳಿದಾಗ ಕಾಕುವು ಉಳಿಯುವುದಿಲ್ಲ.

೧೯೮೨ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ನಿದರ್ಶನವೊಂದು ನಡೆಯಿತು. ಕೆಳಕ್ಕೆ ಬೀಳುತ್ತಿರುವ ಲಿಫ್ಟಿನೊಳಗೆ ಪಾದರಸದ ಬಿಂದುವಿಗೆ ಏನಾಗುವುದೆಂಬ ಭೌತಶಾಸ್ತ್ರದ ಒಗಟನ್ನು ಅಲ್ಲಿಯವರು ಯಂತ್ರದ ಮೂಲಕ ಚರ್ಚಿಸುತ್ತಿದ್ದರು. ಒಬ್ಬರು ವಿನೋದಕ್ಕಾಗಿ, ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆಯೆಂಬ ಎಚ್ಚರಿಕೆಯ ಪ್ರಕಟನೆಯ ರೂಪದಲ್ಲಿ ಬರೆದರು. ಹಿಂದಿನ ಸಂಭಾಷಣೆಯನ್ನು ಓದದವರು ಅದನ್ನು ನಿಜವೆಂದೇ ತಿಳಿದರು. ಆಮೇಲೆ ವಿನೋದದ ಮಾತಿಗೆ ಗುರುತೇನಿರಬೇಕೆಂಬ ಚರ್ಚೆ ಹುಟ್ಟಿತು. ಸೆಪ್ಟೆಂಬರ್ ೧೯ರಂದು ಸ್ಕಾಟ್ ಫಾಲ್‌ಮನ್ ಎಂಬವರು, ಎರಡು ಚುಕ್ಕೆ, ಒಂದು ಅಡ್ಡಗೆರೆ, ಒಂದು ಕಂಸ ಇವನ್ನು ಸಾಲಾಗಿಟ್ಟು ಪಕ್ಕಕ್ಕೆ ತಲೆವಾಗಿಸಿ ನೋಡಿದರೆ ನಗುವ ಮುಖವಾಗುವುದೆಂದು ತೋರಿಸಿದರು. ವಿನೋದವಲ್ಲದ ಮಾತಿಗೆ ಕಂಸವನ್ನು ತಿರುಗಿಸಿ ಸಪ್ಪೆಮುಖವನ್ನು ಮಾಡಿದರು. ಆ ಸಂದೇಶವು ಕಳೆದುಹೋಗಿದ್ದು ೨೦೦೨ರಲ್ಲಿ ಹಳೆಯ ಟೇಪುಗಳಿಂದ ಮತ್ತೆ ದೊರೆಯಿತು. ಇಂದು ಪ್ರತಿಯೊಬ್ಬರ ಫೋನಿನಲ್ಲಿಯೂ ಕಾಣುವ ನಗೆಮುಖಗಳಿಗೆ ಇದು ಪೂರ್ವಜ. ಕಳೆದುಹೋದ ಕಾಕುವಿಗೆ ಲಿಪಿಯಲ್ಲಿ ಮಾಡಿಕೊಂಡ ಪ್ರತಿನಿಧಿಯಿದೆಂದು ಹೇಳಬಹುದು.

ಚಿಹ್ನೆ ಮಾತ್ರದಿಂದ ಸಾಲದೆ ನಿಯಮಗಳೂ ಬೇಕಾದುವು. ೧೯೯೫ನೆಯ ಅಕ್ಟೋಬರಿನಲ್ಲಿ ಸ್ಯಾಲಿ ಹ್ಯಾಂಬ್ರಿಜ್ ಎಂಬ ವಿದುಷಿಯು ಸಿದ್ಧಪಡಿಸಿದ ೧೮೫೫ನೆಯ ಪತ್ರವು ಅಂತರಜಾಲದ ಶಿಷ್ಟಾಚಾರವನ್ನೇ ವಿಷಯವಾಗಿ ಉಳ್ಳದ್ದು. ಎಲ್ಲವನ್ನೂ ದೊಡ್ಡಕ್ಷರಗಳಲ್ಲಿ ಬರೆದರೆ ಕೂಗಿದಂತಾಗುವುದು. ಕೋಪದ ಉತ್ತರವನ್ನು ಒಂದು ರಾತ್ರಿ ಕಳೆದ ಮೇಲೆ ಕಳುಹಿಸಬೇಕು. ನಗೆಮುಖವನ್ನು ಮಿತವಾಗಿ ಬಳಸಬೇಕು, ಅದನ್ನು ಹಾಕಿದ ಮಾತ್ರಕ್ಕೆ ಓದುವವನು ಸಂತೋಷಪಡುವನೆಂದು ಎಣಿಸಬಾರದು. ಓದುವವನ ಸಂಸ್ಕೃತಿ, ಭಾಷೆ, ಹಾಸ್ಯ ಇವು ಬರೆಯುವವನವುಗಳಿಂದ ಭಿನ್ನವಾಗಿರಬಹುದಾದುದರಿಂದ ವ್ಯಂಗ್ಯದ ಮಾತಿನಲ್ಲಿ ವಿಶೇಷವಾಗಿ ಎಚ್ಚರವಿರಬೇಕು. ಇವು ಅದರ ಮುಖ್ಯವಿಧಿಗಳು.

೬. ‘ದಯವಿಟ್ಟು’ ಎಂಬುದರ ಪ್ರಮಾಣ

ಹಾಸ್ಯವೂ ಶಿಷ್ಟಾಚಾರವೂ ಒಂದೇ ವಸ್ತುವಿನಲ್ಲಿ ಕೂಡಿದ ವಿಚಿತ್ರವಾದ ಉದಾಹರಣೆಯೊಂದು ಇಂಟರ್ಕಲ್ ಎಂಬ ಭಾಷೆ. ಇದನ್ನು ೧೯೭೨ರಲ್ಲಿ ಪ್ರಿನ್‌ಸ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಡಾನ್ ವುಡ್ಸ್, ಜೇಮ್ಸ್ ಲಯನ್ ಎಂಬ ಇಬ್ಬರು ಆಗಿನ ಭಾಷೆಗಳ ಪರಿಹಾಸಕ್ಕಾಗಿ ರಚಿಸಿದರು. ಇದರಲ್ಲಿ ಆದೇಶಗಳ ಹಿಂದೆ ‘ಪ್ಲೀಸ್’ ಎಂಬ ಪದವನ್ನು ಸೇರಿಸಬಹುದು. ಆ ಪದದಿಂದ ಕೆಲಸದಲ್ಲಿ ಏನೂ ಭೇದವಿಲ್ಲ. ಆದರೆ ಇಡೀ ಪ್ರೋಗ್ರಾಮಿನಲ್ಲಿ ಅದು ತೀರ ಕಡಮೆಯಾಗಿದ್ದರೆ ಬರೆದವನು ಸಾಕಷ್ಟು ವಿನಯವುಳ್ಳವನಲ್ಲವೆಂದು ಕಂಪೈಲರು ಪ್ರೋಗ್ರಾಮನ್ನು ತಿರಸ್ಕರಿಸುವುದು; ತೀರ ಹೆಚ್ಚಾಗಿದ್ದರೆ ಅತಿವಿನಯವೆಂದು ತಿರಸ್ಕರಿಸುವುದು. ೧೯೯೦ರಲ್ಲಿ ಎರಿಕ್ ರೇಮಂಡ್ ಎಂಬವರು ಸಿ ಭಾಷೆಯಲ್ಲಿ ಪುನರ್ರಚಿಸಿದ ರೂಪದಲ್ಲಿ, ಐದರಲ್ಲಿ ಒಂದು ಪಾಲಿಗಿಂತ ಕಡಮೆಯಾಗದೆಯೂ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಾಗದೆಯೂ ಇರುವುದು ಸಮ್ಮತವಾದ ಪ್ರಮಾಣ. ಇನ್ನೂ ವಿನೋದವೇನೆಂದರೆ, ಮೂಲದ ಕಂಪೈಲರಿನಲ್ಲಿ ಈ ನಿಯಮವಿದ್ದರೂ ಅದರ ಕೈಪಿಡಿಯಲ್ಲಿ ಇದನ್ನು ಹೇಳಿರಲಿಲ್ಲ.

ಮನುಷ್ಯರಲ್ಲಿಯೂ ವಿನಯದ ಪ್ರಮಾಣವನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ತಪ್ಪಿದವನಿಗೆ ದಂಡನೆ ಮಾತ್ರ ಆಗುವುದು. ವಿನಯದ ಕೊರತೆಯು ಒರಟುತನವೆಂದೂ ಅದರ ಅತಿರೇಕವು ಹೊಗಳುಭಟ್ಟತನವೆಂದೂ ತೋರುವುದು. ಬೇರೆ ದೇಶದಿಂದ ಬಂದು ಹೊಸ ಸಮುದಾಯವನ್ನು ಸೇರುವವನಿಗೆ ಈ ಎರಡು ಅಂಚುಗಳೂ ಕಾಣವು. ಇಂಟರ್ಕಲ್ ಭಾಷೆಯ ಕರ್ತೃಗಳು ಉದ್ದೇಶಿಸಿದ್ದರೋ ಇಲ್ಲವೋ, ಅವರ ಪರಿಹಾಸವು ಲೋಕವ್ಯವಹಾರದ ಒಂದು ಕ್ಲೇಶವನ್ನು ಸರಿಯಾಗಿ ಚಿತ್ರಿಸಿದೆ.

೭. ಪ್ರಶ್ನೆಯ ಮರ್ಯಾದೆ, ಖಂಡನೆಯ ಮರ್ಯಾದೆ

ಶಿಷ್ಟಾಚಾರದ ತೊಡಕು ವಿಶೇಷವಾಗಿ ಎರಡು ಸಂದರ್ಭಗಳಲ್ಲಿ ಕಾಣುವುದು. ಒಂದು, ತಿಳಿಯದವನು ತಿಳಿದವನನ್ನು ಕೇಳುವಾಗ. ಇನ್ನೊಂದು, ತಿಳಿದವನು ಇನ್ನೊಬ್ಬನ ಬರಹವನ್ನು ಖಂಡಿಸುವಾಗ. ಮೊದಲನೆಯದಕ್ಕೆ ಸಂಬಂಧಿಸಿ, ‘ಕೈಪಿಡಿಯನ್ನು ಓದು’ ಎಂಬುದನ್ನು ಒಂದು ಬೈಗುಳದೊಡನೆ ಸೇರಿಸಿದ ನಾಲ್ಕಕ್ಷರದ ಸಂಕ್ಷೇಪವೊಂದು ಇವರಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದೆ. ೨೦೦೧ರಲ್ಲಿ ಮೇಲೆ ಹೇಳಿದ ರೇಮಂಡರು ಪ್ರಶ್ನೆಯನ್ನು ಜಾಣತನದಿಂದ ಕೇಳುವ ಬಗೆಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಕೇಳುವ ಮುನ್ನ ತಾನೇ ಹುಡುಕಬೇಕು, ತಾನು ಮಾಡಿನೋಡಿದುದನ್ನು ಹೇಳಬೇಕು, ದೋಷದ ಲಕ್ಷಣಗಳನ್ನು ವಿವರಿಸಬೇಕು ಎಂಬ ಅದರ ಉಪದೇಶಗಳು ಯುಕ್ತವಾಗಿವೆ. ಉತ್ತರಕೊಡುವವರು ಸಂಬಳವಿಲ್ಲದೆ ತಮ್ಮ ವೇಳೆಯನ್ನು ಕೊಡುವವರಾದುದರಿಂದ ಅವರ ಬೇಸರಕ್ಕೂ ಕಾರಣವುಂಟು. ಆದರೆ ಕೇಳುವವನ ಧರ್ಮವನ್ನು ವಿಸ್ತಾರವಾಗಿಯೂ ಹೇಳುವವನ ಧರ್ಮವನ್ನು ಸಂಕ್ಷೇಪವಾಗಿಯೂ ವಿಧಿಸುವ ಶಾಸ್ತ್ರವು ಪಕ್ಷಪಾತದಿಂದ ಪೂರ್ತಿಯಾಗಿ ಮುಕ್ತವಲ್ಲ. ಎಲ್ಲರೂ ಒಂದು ಕಾಲದಲ್ಲಿ ಕೈಪಿಡಿಯನ್ನು ಎಲ್ಲಿ ತೆರೆಯಬೇಕೆಂದು ತಿಳಿಯದೆ ಇದ್ದವರೇ.

ಎರಡನೆಯದಕ್ಕೆ ಲಿನಕ್ಸಿನ ಇತಿಹಾಸವು ಪ್ರಸಿದ್ಧವಾದ ಉದಾಹರಣೆ. ೧೯೯೧ನೆಯ ಆಗಸ್ಟಿನಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಅವರು ತಮ್ಮ ಕೆಲಸವನ್ನು ಪ್ರಕಟಿಸುವಾಗ, ಇದು ಬರಿಯ ಹವ್ಯಾಸ, ದೊಡ್ಡದೇನೂ ಆಗದು ಎಂದು ವಿನಯದಿಂದ ಹೇಳಿಕೊಂಡರು. ಆ ಕೆಲಸವು ಲೋಕವ್ಯಾಪಿಯಾದ ಮೇಲೆ, ಇತರರು ಕಳುಹಿಸಿದ ಕೋಡನ್ನು ಅವರು ಖಂಡಿಸುತ್ತಿದ್ದ ರೀತಿಯ ಕಾಠಿಣ್ಯವು ಅಷ್ಟೇ ಪ್ರಸಿದ್ಧವಾಯಿತು. ಕಟುವಾದ ಖಂಡನೆಯಿಂದಲೇ ಕೋಡು ಶುದ್ಧವಾಗಿ ಉಳಿಯುವುದು, ಮೃದುತ್ವದಿಂದ ದೋಷಗಳು ನುಸುಳುವುವು ಎಂಬುದು ಇಲ್ಲಿಯ ಪೂರ್ವಪಕ್ಷ. ಈ ಪಕ್ಷದಲ್ಲಿ ಸತ್ಯದ ಅಂಶವುಂಟು. ದೋಷವನ್ನು ಮುಚ್ಚಿಡುವ ಸೌಜನ್ಯದಿಂದ ಯಾರಿಗೂ ಹಿತವಿಲ್ಲ. ಆದರೆ ಕೋಡಿನ ದೋಷವನ್ನು ತೋರಿಸುವುದೂ ಬರೆದವನನ್ನು ಹಳಿಯುವುದೂ ಬೇರೆ ಬೇರೆ. ಗೌತಮನು ಕಥೆಯನ್ನು ವಾದ, ಜಲ್ಪ, ವಿತಂಡಾ ಎಂದು ವಿಭಾಗಿಸಿದಾಗ, ಸತ್ಯವನ್ನು ತಿಳಿಯುವ ಇಚ್ಛೆಯಿಂದ ನಡೆಯುವುದನ್ನೇ ವಾದವೆಂದು ಪ್ರತ್ಯೇಕಿಸಿದುದು ಈ ಕಾರಣಕ್ಕಾಗಿ. ವಾದದಲ್ಲಿಯೂ ದೂಷಣವುಂಟು, ಆದರೆ ಅದು ಪಕ್ಷಕ್ಕೆ, ಪಕ್ಷಿಕನಿಗಲ್ಲ. ೨೦೧೮ನೆಯ ಸೆಪ್ಟೆಂಬರ್ ೧೬ರಂದು ಟೋರ್ವಾಲ್ಡ್ಸ್ ಅವರು ತಮ್ಮ ನಡೆಯಿಂದ ನೊಂದವರ ಕ್ಷಮೆಯನ್ನು ಬಹಿರಂಗವಾಗಿ ಕೇಳಿ, ಕೆಲವು ವಾರಗಳ ಮಟ್ಟಿಗೆ ಕೆಲಸದಿಂದ ದೂರವಾದರು. ಅದೇ ಸಮಯದಲ್ಲಿ ಆ ಸಮುದಾಯವು ಒಂದು ನಡವಳಿಕೆಯ ಸಂಹಿತೆಯನ್ನು ಅಂಗೀಕರಿಸಿತು. ಅಕ್ಟೋಬರಿನಲ್ಲಿ ಅವರು ಹಿಂದಿರುಗಿದರು. ಲಿನಕ್ಸಿನ ಕೆಲಸವು ನಿಲ್ಲದೆ ಮುಂದುವರಿಯಿತು.

ಭರತಮುನಿಯು ಹಾಸ್ಯವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ವಿಧವಾಗಿ ಮಾಡಿ, ಮೊದಲಿನ ಎರಡನ್ನು ಉತ್ತಮರಿಗೂ ಕೊನೆಯ ಎರಡನ್ನು ಅಧಮರಿಗೂ ಹೇಳಿರುವನು. ಪ್ರೋಗ್ರಾಮರುಗಳ ಹಾಸ್ಯವನ್ನು ಈ ಮೆಟ್ಟಲುಗಳ ಮೇಲೆ ಇಟ್ಟುನೋಡಿದರೆ, ಯಂತ್ರವನ್ನೂ ತಮ್ಮ ವೃತ್ತಿಯನ್ನೂ ಕುರಿತು ನಕ್ಕುದೆಲ್ಲ ಮೇಲಿನ ಮೆಟ್ಟಲುಗಳಲ್ಲಿಯೂ, ಹೊಸಬನನ್ನು ಕುರಿತು ನಕ್ಕುದೆಲ್ಲ ಕೆಳಗಿನವುಗಳಲ್ಲಿಯೂ ನಿಲ್ಲುವುದು ಕಾಣುತ್ತದೆ.

೮. ಕನ್ನಡಿಗರಿಗೆ ವಿಚಾರಣೀಯವಾದ ಅಂಶ

ಬೆಂಗಳೂರು ಮೊದಲಾದ ಎಡೆಗಳಲ್ಲಿಯೂ ಪರದೇಶಗಳಲ್ಲಿಯೂ ಕನ್ನಡವನ್ನಾಡುವ ಅಸಂಖ್ಯ ಪ್ರೋಗ್ರಾಮರುಗಳು ಈ ವೃತ್ತಿಯಲ್ಲಿರುವರು. ಅವರು ಕನ್ನಡದಲ್ಲಿ ಆಲೋಚಿಸಿದುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಶಿಷ್ಟಾಚಾರಕ್ಕೆ ಮೂರು ವಿಧದ ಹಾನಿಯುಂಟಾಗುವುದು.

ಮೊದಲನೆಯದು ಕ್ರಿಯಾಪದದಲ್ಲಿ. ಕನ್ನಡದಲ್ಲಿ ಗೌರವವು ಕ್ರಿಯೆಯ ಪ್ರತ್ಯಯದಲ್ಲಿಯೇ ಇರುವುದು. ‘ಕೊಡು’ ಎಂಬುದಕ್ಕೂ ‘ಕೊಡಿ’ ಎಂಬುದಕ್ಕೂ ಇರುವ ಅಂತರವು ಮಗುವಿಗೂ ತಿಳಿದಿದೆ. ‘ಕೊಡಿ’ ಎಂದ ಮೇಲೆ ‘ದಯವಿಟ್ಟು’ ಎಂಬುದು ಅವಶ್ಯವಲ್ಲ. ಇಂಗ್ಲಿಷಿನಲ್ಲಿ ನೀನು, ನೀವು, ತಾವು ಎಲ್ಲವೂ ಒಂದೇ ಸರ್ವನಾಮ, ವಿಧಿರೂಪವೂ ಒಂದೇ. ಮನಸ್ಸಿನಲ್ಲಿ ‘ಕೊಡಿ’ ಎಂದುಕೊಂಡು ಇಂಗ್ಲಿಷಿಗೆ ತಿರುಗಿಸಿದವನ ವಿನಯವು ದಾರಿಯಲ್ಲಿಯೇ ಬಿದ್ದುಹೋಗಿ, ಓದುವವನಿಗೆ ‘ಕೊಡು’ ಎಂಬ ಅಪ್ಪಣೆಯು ತಲಪುವುದು. ಈ ಕೊರತೆಯನ್ನು ತುಂಬಲು ‘ಸರ್’ ಎಂಬುದನ್ನು ಮೇಲಿಂದಮೇಲೆ ಸೇರಿಸಿದರೆ, ಹಿರಿಯರನ್ನೂ ಹೆಸರಿಡಿದೇ ಕರೆಯುವ ಆ ಸಮುದಾಯದಲ್ಲಿ ಅತಿವಿನಯವಾಗಿ ತೋರುವುದು. ಇಂಟರ್ಕಲ್ ಕಂಪೈಲರಿನ ಎರಡು ದಂಡನೆಗಳೂ ಒಬ್ಬನಿಗೇ ಒದಗಿದಂತಾಯಿತು.

ಎರಡನೆಯದು ಹಳೆಯ ಕಚೇರಿಯ ಭಾಷೆಯಿಂದ ಬಂದುದು. ‘ಆಗಬೇಕಾದುದನ್ನು ನಡೆಸಿಕೊಡಬೇಕು’ ಎಂಬರ್ಥದ ‘ಡೂ ದಿ ನೀಡ್‌ಫುಲ್’ ಎಂಬ ಮಾತು ಬ್ರಿಟಿಷರ ಆಡಳಿತಪತ್ರಗಳಲ್ಲಿದ್ದುದು. ಅವರ ನಾಡಿನಲ್ಲಿ ಅದು ಬಹುಮಟ್ಟಿಗೆ ಬಳಕೆ ತಪ್ಪಿತು, ಇಲ್ಲಿ ಉಳಿದಿದೆ. ವಿನಯಪೂರ್ವಕವಾಗಿ ಬರೆದ ಆ ಮಾತು ಪರದೇಶದ ಪ್ರೋಗ್ರಾಮರುಗಳಲ್ಲಿ ಪರಿಹಾಸದ ವಸ್ತುವಾಗಿದೆ. ತಮ್ಮ ಭಾಷೆಯ ಹಳೆಯ ನಾಣ್ಯವನ್ನು ಪರರು ಜೋಪಾನವಾಗಿ ಇಟ್ಟುಕೊಂಡುದನ್ನು ಕಂಡು ನಗುವುದು ಉತ್ತಮಹಾಸ್ಯವೆನಿಸದು.

ಮೂರನೆಯದು ಇನ್ನೂ ಸೂಕ್ಷ್ಮವಾದುದು. ‘ನನಗೊಂದು ಸಂದೇಹವಿದೆ’ ಎಂದು ಕನ್ನಡಿಗನು ಕೇಳುವನು. ಅದನ್ನೇ ಇಂಗ್ಲಿಷಿನಲ್ಲಿ ‘ಡೌಟ್’ ಎಂದು ಬರೆಯುವನು. ಇಂಗ್ಲಿಷರ ರೂಢಿಯಲ್ಲಿ ಆ ಪದಕ್ಕೆ ಅಪನಂಬಿಕೆಯೆಂದು ಅರ್ಥವಾಗುವುದರಿಂದ, ಪಾಠ ಕೇಳಲು ಬಂದವನು ಆಕ್ಷೇಪಿಸಲು ಬಂದವನಂತೆ ತೋರುವನು. ಆದರೆ ಈ ದೇಶದ ಶಾಸ್ತ್ರಸಂಪ್ರದಾಯದಲ್ಲಿ ಸಂಶಯವು ಅಪನಂಬಿಕೆಯಲ್ಲ. ಅದು ವಿಚಾರದ ಹೆಬ್ಬಾಗಿಲು. ನ್ಯಾಯದ ಹದಿನಾರು ಪದಾರ್ಥಗಳಲ್ಲಿ ಪ್ರಮಾಣ, ಪ್ರಮೇಯಗಳಾದ ಕೂಡಲೆ ಸಂಶಯವನ್ನು ಹೇಳಿದೆ. ಮೀಮಾಂಸಕರ ಅಧಿಕರಣವು ಸಂಶಯವಿಲ್ಲದೆ ನಡೆಯದು. ಗುರುವಿನ ಮುಂದೆ ಸಂದೇಹವನ್ನು ಇಡುವುದು ಶಿಷ್ಯನ ಶ್ರದ್ಧೆಗೆ ಗುರುತು. ಆ ಶ್ರದ್ಧೆಯ ಪದವೇ ಅಶ್ರದ್ಧೆಯಾಗಿ ಕೇಳಿಸುವುದು ಎರಡು ಸಂಪ್ರದಾಯಗಳ ನಡುವಿನ ವಿಷಾದಕರವಾದ ಅಪಾರ್ಥವಾಗಿದೆ. ಇಲ್ಲಿ ಬರೆದವನ ತಾತ್ಪರ್ಯವನ್ನು ಹುಡುಕದೆ ಪದವನ್ನೇ ಹಿಡಿದು ನಗುವವನು, ನವಕಂಬಲನನ್ನು ಕುರಿತು ಒಂಬತ್ತು ಕಂಬಳಿಗಳನ್ನು ಕೇಳಿದ ಛಲವಾದಿಯ ಪಂಕ್ತಿಯಲ್ಲಿ ಕುಳಿತಂತೆಯೇ ಸರಿ.

೯. ಉಪಸಂಹಾರ

ಇಂಥ ಅಪಾರ್ಥಗಳಿಗೆ ಪರಿಹಾರವನ್ನು ಈ ವೃತ್ತಿಯ ಶಾಸ್ತ್ರದಲ್ಲಿಯೇ ಹುಡುಕಬಹುದು. ೧೯೮೦ರಲ್ಲಿ ಜಾನ್ ಪೋಸ್ಟೆಲ್ ಎಂಬವರು ಯಂತ್ರಗಳ ಪರಸ್ಪರ ವ್ಯವಹಾರಕ್ಕೆ ಒಂದು ಸೂತ್ರವನ್ನು ಹೇಳಿದರು: ತಾನು ಕಳುಹಿಸುವಾಗ ನಿಯಮದಲ್ಲಿ ಕಟ್ಟುನಿಟ್ಟಾಗಿರಬೇಕು, ಇತರರು ಕಳುಹಿಸಿದುದನ್ನು ಸ್ವೀಕರಿಸುವಾಗ ಉದಾರವಾಗಿರಬೇಕು ಎಂಬುದು ಅದರ ಅಭಿಪ್ರಾಯ. ಯಂತ್ರಗಳ ವಿಷಯದಲ್ಲಿ ಈ ಔದಾರ್ಯದಿಂದ ದೋಷಗಳು ತಿದ್ದಲ್ಪಡದೆ ಬೇರೂರುವುವೆಂದು ೨೦೨೩ರ ೯೪೧೩ನೆಯ ಪತ್ರದಲ್ಲಿ ಆಕ್ಷೇಪಿಸಲಾಗಿದೆ. ಆ ಆಕ್ಷೇಪವು ತನ್ನ ಕ್ಷೇತ್ರದಲ್ಲಿ ವಿಚಾರಾರ್ಹವಾಗಿದೆ. ಮನುಷ್ಯರ ವಿಷಯದಲ್ಲಿ ಆ ಆಕ್ಷೇಪಕ್ಕೆ ಅವಕಾಶವಿಲ್ಲ. ಯಂತ್ರಕ್ಕೆ ತಾತ್ಪರ್ಯವನ್ನು ತಿಳಿದು ಕೇಳುವ ಶಕ್ತಿಯಿಲ್ಲ. ಮನುಷ್ಯನು ಸಂದೇಹ ಬಂದಲ್ಲಿ ‘ತಮ್ಮ ಅಭಿಪ್ರಾಯವೇನು?’ ಎಂದು ಕೇಳಬಲ್ಲನು. ಔದಾರ್ಯದಿಂದ ಸ್ವೀಕರಿಸಿ, ಕೇಳಿ ತಿಳಿದು, ಅನಂತರ ತಿದ್ದುವುದರಿಂದ ದೋಷವೂ ಬೇರೂರುವುದಿಲ್ಲ, ದೋಷಿಯೂ ನೋಯುವುದಿಲ್ಲ.

ಪ್ರೋಗ್ರಾಮರುಗಳ ಹಾಸ್ಯದ ಉತ್ತಮಭಾಗವು ಯಂತ್ರದ ವಾಚ್ಯಾರ್ಥನಿಷ್ಠೆಯನ್ನು ಕಂಡು ನಕ್ಕುದರಿಂದ ಹುಟ್ಟಿತು. ಹನ್ನೆರಡು ಬ್ರೆಡ್ಡುಗಳನ್ನು ತಂದ ಗಂಡನನ್ನು ನೋಡಿ ನಗುವವರು, ಮನುಷ್ಯನಾದವನು ಮಾತಿನ ಹಿಂದಿರುವ ಮನಸ್ಸನ್ನು ಗ್ರಹಿಸತಕ್ಕವನೆಂಬುದನ್ನು ಒಪ್ಪಿಕೊಂಡೇ ನಗುವರು. ಶಿಷ್ಟಾಚಾರವು ಅವರಿಂದ ಕೇಳುವುದೂ ಅಷ್ಟನ್ನೇ. ಅಪರಿಚಿತನೊಬ್ಬನು ದೂರದೇಶದಿಂದ ತಪ್ಪು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದಾಗ ಅವನ ತಾತ್ಪರ್ಯವನ್ನು ಹುಡುಕಿ ಉತ್ತರಕೊಡುವವನು, ಆ ಹಾಸ್ಯವನ್ನೂ ಸರಿಯಾಗಿ ತಿಳಿದವನೆಂದು ಹೇಳತಕ್ಕದ್ದಾಗಿದೆ.